ಮುಚ್ಚಿ ತೆರೆದರೆ ವೈಫೈ ಮಾಯವೇ? ಲಿನಕ್ಸ್ ಅಳಿಸಬೇಡಿ

ಹುಡುಗನೊಬ್ಬ ಮೈಸೂರಿನಲ್ಲಿ ರೈಲು ಹತ್ತಿ ಲ್ಯಾಪ್‌ಟಾಪ್ ಮುಚ್ಚುತ್ತಾನೆ, ಮಂಡ್ಯದಲ್ಲಿ ಇಳಿದು ಕಾಲೇಜಿನಲ್ಲಿ ತೆರೆದರೆ ವೈಫೈ ಇಲ್ಲ. ಸರಸ್ವತಿಪುರಂನ ಈ ಹುಡುಗ ನನ್ನ ಬಳಿ ಬರುವಷ್ಟರಲ್ಲಿ ಮೂರು ಸಲ ಉಬುಂಟು ಎಂಬ ಲಿನಕ್ಸನ್ನು ಅಳಿಸಿ ಮತ್ತೆ ಹಾಕಿದ್ದ. ನಿದ್ದೆಯಿಂದೆದ್ದ ವೈಫೈ ಚಿಪ್ಪಿಗೂ ಅದನ್ನು ನಡೆಸುವ ತಂತ್ರಾಂಶವಾದ ಡ್ರೈವರಿಗೂ ತಾಳ ತಪ್ಪಿದರೆ ಹೀಗಾಗುತ್ತದೆ. ಇಲಿ ಬಂತೆಂದು ಮನೆಗೆ ಬೆಂಕಿ ಇಡುವ ಕೆಲಸ ಬೇಡ.

ಕೆಳಗಿನ ಆಜ್ಞೆಗಳನ್ನು ಟರ್ಮಿನಲ್ ಎಂಬ ಆಜ್ಞೆ ಬರೆಯುವ ಕಿಟಕಿಯಲ್ಲಿ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ, ಪ್ರತಿಯೊಂದರ ಮೊದಲಿಗೆ ‘ಸುಡೋ’ (ನಿರ್ವಾಹಕನ ಅಧಿಕಾರ ಕೊಡುವ ಪದ) ಸೇರಿಸಿ ಟೈಪ್ ಮಾಡಿ.

ಮೊದಲು ‘ಆರ್‌ಎಫ್‌ಕಿಲ್ ಲಿಸ್ಟ್’. ವೈಫೈ ಬಂದ್ ಆಗಿದೆಯೇ ಎಂದು ಇದು ತೋರಿಸುತ್ತದೆ. ‘ಹಾರ್ಡ್ ಬ್ಲಾಕ್ಡ್’ ಎದುರು ‘ಯೆಸ್’ ಇದ್ದರೆ ಕೀಲಿಮಣೆಯ ವಿಮಾನದ ಗುರುತನ್ನೋ ಪಕ್ಕದ ಸ್ವಿಚ್ಚನ್ನೋ ಒತ್ತಿ. ‘ಸಾಫ್ಟ್’ ಎದುರು ಇದ್ದರೆ ‘ಆರ್‌ಎಫ್‌ಕಿಲ್ ಅನ್‌ಬ್ಲಾಕ್ ವೈಫೈ’ ಸಾಕು.

ಆಮೇಲೆ ಸಂಪರ್ಕ ನೋಡಿಕೊಳ್ಳುವ ಸೇವೆಯನ್ನು ಮತ್ತೆ ಶುರು ಮಾಡಲು ‘ಸಿಸ್ಟಮ್‌ಸಿಟಿಎಲ್ ರೀಸ್ಟಾರ್ಟ್ ನೆಟ್‌ವರ್ಕ್‌ಮ್ಯಾನೇಜರ್’. ಇಲ್ಲಿ ಮಾತ್ರ ಎನ್ ಮತ್ತು ಎಂ ದೊಡ್ಡಕ್ಷರ.

ಇಷ್ಟಕ್ಕೂ ಬಗ್ಗದಿದ್ದರೆ ಡ್ರೈವರನ್ನೇ ಇಳಿಸಿ ಏರಿಸಬೇಕು. ಎಲ್ಲರೂ ಎಡವುವುದು ಇಲ್ಲಿಯೇ. ಬೇರೆಯವರ ಲ್ಯಾಪ್‌ಟಾಪಿನ ಡ್ರೈವರ್ ಹೆಸರನ್ನು ನಕಲು ಮಾಡಬೇಡಿ. ‘ಎಲ್‌ಎಸ್‌ಪಿಸಿಐ’ ಬರೆದು, ಜಾಗ ಬಿಟ್ಟು, ಹೈಫನ್ ಹಾಕಿ ಕೆ ಸೇರಿಸಿ. ‘ನೆಟ್‌ವರ್ಕ್ ಕಂಟ್ರೋಲರ್’ ಕೆಳಗೆ, ‘ಕರ್ನಲ್ ಡ್ರೈವರ್ ಇನ್ ಯೂಸ್’ ಎಂಬಲ್ಲಿ ನಿಮ್ಮದರ ಹೆಸರಿರುತ್ತದೆ. ಇಂಟೆಲ್ ಆದರೆ ಸಾಮಾನ್ಯವಾಗಿ ‘ಐಡಬ್ಲ್ಯುಎಲ್‌ವೈಫೈ’. ‘ಮೋಡ್‌ಪ್ರೋಬ್’ ಬರೆದು ಹೈಫನ್ ಆರ್, ಬಳಿಕ ಆ ಹೆಸರು ಕೊಟ್ಟರೆ ಡ್ರೈವರ್ ಇಳಿಯುತ್ತದೆ. ಹೈಫನ್ ಆರ್ ಇಲ್ಲದೆ ಕೊಟ್ಟರೆ ಏರುತ್ತದೆ. ‘ಇನ್ ಯೂಸ್’ ಎಂದು ಹಟ ಹಿಡಿದರೆ ಅದರ ಹೆಗಲ ಮೇಲೆ ಇನ್ನೊಂದು ಮಾಡ್ಯೂಲ್ (ಡ್ರೈವರಿನಂಥದೇ ತುಣುಕು) ಕುಳಿತಿದೆ ಎಂದರ್ಥ. ‘ಎಲ್‌ಎಸ್‌ಮೋಡ್’ ಪಟ್ಟಿಯಲ್ಲಿ ನಿಮ್ಮ ಡ್ರೈವರಿನ ಸಾಲಿನ ಬಲತುದಿ ನೋಡಿ. ಇಂಟೆಲ್‌ನಲ್ಲಿ ಹಲವು ಬಾರಿ ಅದು ‘ಐಡಬ್ಲ್ಯುಎಲ್‌ಎಂವಿಎಂ’. ಅದನ್ನು ಮೊದಲು ಇಳಿಸಿ.

ವೈಫೈ ಬಂತೇ? ಹಾಗಾದರೆ ರೋಗ ಡ್ರೈವರಿನದೇ. ಪ್ರತಿ ಸಲ ಇಷ್ಟು ಟೈಪ್ ಮಾಡುವ ಬದಲು ಒಂದು ಶೆಲ್ ಸ್ಕ್ರಿಪ್ಟ್, ಅಂದರೆ ಆಜ್ಞೆಗಳನ್ನು ಸಾಲಾಗಿ ಬರೆದ ಕಡತ, ಬರೆದಿಡಿ. ಲಿನಕ್ಸ್‌ನ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿ, ಲ್ಯಾಪ್‌ಟಾಪ್ ಮಲಗುವ ಮುನ್ನ ಆ ಸ್ಕ್ರಿಪ್ಟಿಗೆ ‘ಪ್ರೀ’ ಎನ್ನುತ್ತದೆ, ಎದ್ದ ಮೇಲೆ ‘ಪೋಸ್ಟ್’ ಎನ್ನುತ್ತದೆ. ಮೊದಲನೆಯದಕ್ಕೆ ಇಳಿಸುವ ಆಜ್ಞೆ, ಎರಡನೆಯದಕ್ಕೆ ಏರಿಸುವ ಆಜ್ಞೆ. ಕಡತದ ಜಾಗ: ಯುಎಸ್‌ಆರ್, ಅದರೊಳಗೆ ಲಿಬ್, ಸಿಸ್ಟಮ್‌ಡಿ, ಕೊನೆಗೆ ಸಿಸ್ಟಮ್-ಸ್ಲೀಪ್. ಇಟಿಸಿಯೊಳಗಿನ ಪಿಎಂ ಫೋಲ್ಡರ್‌ಗೆ ಹಾಕಿ ಎನ್ನುವ ಹಳೆಯ ಸಲಹೆ ಇನ್ನೂ ಓಡಾಡುತ್ತಿದೆ; ಸಿಸ್ಟಮ್‌ಡಿ ಅತ್ತ ತಿರುಗಿಯೂ ನೋಡುವುದಿಲ್ಲ. ‘ಸಿಎಚ್‌ಮೋಡ್’ ಜೊತೆ ಪ್ಲಸ್ ಎಕ್ಸ್ ಕೊಟ್ಟು ಕಡತವನ್ನು ಚಲಾಯಿಸಲು ಬರುವಂತೆ ಮಾಡಿ. ನಮ್ಮ ಹುಡುಗ ಮರೆತದ್ದು ಇದನ್ನೇ.

ಇನ್ನು ಒಳಗಿನ ಚಿಪ್ಪಿನ ಬದಲು ಹೊರಗೆ ಸಿಕ್ಕಿಸುವ ಅಗ್ಗದ, ಹೆಸರಿಲ್ಲದ ಯುಎಸ್‌ಬಿ ವೈಫೈ ಡಾಂಗಲ್. ಅದರ ಡ್ರೈವರ್ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿಯೇ ಇಲ್ಲದಿದ್ದರೆ ಕರ್ನಲ್ ಬದಲಾದಾಗಲೆಲ್ಲ ಹೊಸದಾಗಿ ಕಟ್ಟಿಕೊಳ್ಳಬೇಕಾಗುತ್ತದೆ. ನನ್ನನ್ನು ಕೇಳಿದರೆ ಬೇಡವೇ ಬೇಡ. ಹುಡುಗ ಒಂದನ್ನು ಕೊಂಡೂ ಆಗಿತ್ತು. ಈಗ ಅದು ನನ್ನ ಮೇಜಿನ ಡ್ರಾಯರಿನಲ್ಲಿದೆ.