ಬೇಸಿಗೇಲಿ ಸಿಪ್ಯಾಪ್ ಹಾಕ್ಕೊಂಡು ಸೆಕೆ ಇಲ್ದಂಗೆ ಮಲಗೋದು ಹೆಂಗೆ

ನಿದ್ದೇಲಿ ಉಸಿರು ಕಟ್ಟೋ ತೊಂದ್ರೆ (ಸ್ಲೀಪ್ ಆಪ್ನಿಯಾ) ಇರೋರು ಮುಖಕ್ಕೆ ಮಾಸ್ಕ್ ಹಾಕ್ಕೊಂಡು ಮಲಗೋ ಸಿಪ್ಯಾಪ್ ಮಷೀನು ಗಾಳಿ ತಂಪು ಮಾಡಲ್ಲ, ರೂಮಲ್ಲಿರೋ ಗಾಳೀನೇ ಪ್ರೆಶರ್ ಕೊಟ್ಟು ತಳ್ಳುತ್ತೆ ಅಷ್ಟೆ, ಹಂಗಾಗಿ ಏಪ್ರಿಲ್‌ನಾಗೆ ದಾವಣಗೆರೆ ಆರ್‌ಸಿಸಿ ಮನೆ ರಾತ್ರಿ ಹನ್ನೊಂದಕ್ಕೂ ಕಾದು ಕೂತಿದ್ರೆ ಮಾಸ್ಕಿನೊಳಗೂ ಅದೇ ಬಿಸಿ. ಮೊದ್ಲು ಸೆಟ್ಟಿಂಗ್ ನೋಡ್ರಿ. ಹೀಟೆಡ್ ಟ್ಯೂಬ್ (ಗಾಳಿ ಬಿಸಿ ಮಾಡೋ ಪೈಪು) ಇದ್ರೆ ಟೆಂಪರೇಚರ್ ಇಳಿಸ್ರಿ ಇಲ್ಲಾ ಆಫ್ ಮಾಡ್ರಿ, ಗಾಳಿಗೆ ತೇವ ಸೇರಿಸೋ ಹ್ಯುಮಿಡಿಫೈಯರ್ ಒಂದೊಂದೇ ಪಾಯಿಂಟ್ ಕಮ್ಮಿ ಮಾಡ್ತಾ ಬರ್ರಿ, ಗಂಟಲು ಒಣಗ್ತು ಅಂದ್ರೆ ಮತ್ತೊಂದು ಏರಿಸ್ರಿ. ಪ್ರೆಶರ್ ಮಾತ್ರ ಡಾಕ್ಟ್ರನ್ನ ಕೇಳ್ದೆ ಮುಟ್ಟಬ್ಯಾಡ್ರಿ.

ಮಷೀನ್ ಹಾಸಿಗೆ ಮೇಲೆ ಇಡಬ್ಯಾಡ್ರಿ, ಗಾಳಿ ಎಳೆಯೋ ಕಿಂಡಿ ಮುಚ್ಚುತ್ತೆ, ಮಂಚಕ್ಕಿಂತ ತಗ್ಗಿರೋ ಸ್ಟೂಲ್ ಮೇಲೆ ಗೋಡೆಯಿಂದ ಸ್ವಲ್ಪ ದೂರ ಇರ್ಲಿ. ನಮ್ ಕಡೆ ಒಣ ಸೆಕೆ ಆಗಿರೋದ್ರಿಂದ ಕೂಲರ್ ಚೆನ್ನಾಗೇ ಕೆಲ್ಸ ಮಾಡುತ್ತೆ, ಕಿಟಕಿ ಒಂದು ತೆಗೆದಿಡ್ರಿ, ಆದ್ರೆ ಅದರ ನೀರು ಮಷೀನಿಗೆ ಸಿಡೀಬಾರ್ದು. ಏಸಿ ಹಾಕೋರಿಗೆ ಬೇರೆ ಕಾಟ, ರೂಮಿನ ತಂಪಿಗೆ ಮಾಸ್ಕಿನ ಪೈಪೊಳಗೆ ನೀರು ಕಟ್ಟಿ ಗುಳುಗುಳು ಅಂತ ಮೂಗಿಗೇ ಬರುತ್ತೆ, ಪೈಪಿಗೆ ಬಟ್ಟೆ ಕವರ್ ಹಾಕ್ರಿ.

ಮುಖ ತೊಳ್ದು ಒರೆಸ್ಕೊಂಡೇ ಮಾಸ್ಕ್ ಹಾಕ್ರಿ, ಬೆವರು ಜಿಡ್ಡಿಗೆ ಜಾರಿ ಲೀಕ್ ಆಗುತ್ತೆ. ಧೂಳು ಜಾಸ್ತಿ, ಫಿಲ್ಟರ್ ಆಗಾಗ ನೋಡ್ರಿ. ಕರೆಂಟ್ ಹೋಗೋ ಏರಿಯಾ ಆದ್ರೆ ಮಷೀನನ್ನ ಇನ್ವರ್ಟರ್ ಲೈನಿಗೆ ಕೊಡ್ರಿ, ಹೀಟಿಂಗ್ ಆಫ್ ಇದ್ರೆ ಬ್ಯಾಟರೀನೂ ಜಾಸ್ತಿ ಹೊತ್ತು ಬರುತ್ತೆ.