ಸಣ್ಣ ಭಾಗಗಳ ತುಕ್ಕಿಗೆ ಬಿಂಬುಳಿ ರಸ
ಹಳೆಯ ಕಾರಿನಿಂದ ಬಿಚ್ಚಿದ ತುಕ್ಕು ಹಿಡಿದ ಬ್ರಾಕೆಟ್, ಕ್ಲಾಂಪು, ಸಣ್ಣ ಬೋಲ್ಟುಗಳ ಗ್ರೀಸನ್ನು ಸೋಪಿನ ನೀರಿನಲ್ಲಿ ತೆಗೆದು, ಪ್ಲಾಸ್ಟಿಕ್ ಬಕೆಟಿನಲ್ಲಿ ಜಜ್ಜಿದ ಬಿಂಬುಳಿಯ ರಸದೊಳಗೆ ಒಂದು ರಾತ್ರಿ ಮುಳುಗಿಸಿಟ್ಟು, ಬೆಳಿಗ್ಗೆ ತಂತಿಯ ಬ್ರಷ್ಷಿನಿಂದ ಉಜ್ಜಿರಿ. ಕಾಸರಗೋಡಿನ ಹಿತ್ತಿಲುಗಳಲ್ಲಿ ಸುಮ್ಮನೆ ಉದುರಿ ಕೊಳೆಯುವ ಈ ಕಾಯಿಯಲ್ಲಿರುವ ಆಕ್ಸಾಲಿಕ್ ಆಮ್ಲವು ತುಕ್ಕಿನಲ್ಲಿರುವ ಕಬ್ಬಿಣದೊಂದಿಗೆ ಸೇರಿ ಅದನ್ನು ನೀರಿನಲ್ಲಿ ಕರಗಿಸುತ್ತದೆ. ಬಳಿಕ ಆಮ್ಲ ಉಳಿಯದಂತೆ ಅಡುಗೆ ಸೋಡಾದ ನೀರಿನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ, ತಡಮಾಡದೆ ಪ್ರೈಮರ್ ಬಳಿಯಬೇಕು. ನಮ್ಮ ಕಡಲ ಗಾಳಿಗೆ ಬರಿಯ ಕಬ್ಬಿಣ ಬಲು ಬೇಗ ಮತ್ತೆ ಕೆಂಪಾಗುವುದರಿಂದ, ಒಬ್ಬರು ತೊಳೆಯುತ್ತಿರುವಾಗಲೇ ಜೊತೆಗಿರುವ ಗೆಳೆಯರು ಕುಂಚ ಹಿಡಿದು ಸಿದ್ಧರಾಗಿರುವುದು ಒಳ್ಳೆಯದು. ಪದರಪದರವಾಗಿ ಏಳುವ ದಪ್ಪ ತುಕ್ಕಿಗೂ ತೂತುಬಿದ್ದ ತಗಡಿಗೂ ಇದರಿಂದ ಪ್ರಯೋಜನವಿಲ್ಲ. ಸತುವಿನ ಲೇಪವಿರುವ ಭಾಗಗಳು ಹಾಳಾಗುತ್ತವೆ. ಬ್ರೇಕ್, ಸ್ಟಿಯರಿಂಗ್‌ಗಳ ಬೋಲ್ಟುಗಳನ್ನಂತೂ ಹೊಸದಾಗಿಯೇ ಕೊಳ್ಳಬೇಕು.