ಜಾಡಿಯಲ್ಲಿ ಮೇಲೆದ್ದ ಕೆಸರು: ಎಸ್‌ಟಿಪಿ ನಡೆಸಿದ ನನ್ನ ಅನುಭವ

ಒಂದು ವಸತಿ ಸಮುಚ್ಚಯದ ಕೊಳಚೆ ನೀರು ಶುದ್ಧೀಕರಣ ಘಟಕವನ್ನು (ಎಸ್‌ಟಿಪಿ) ನಾನು ಕೆಲವು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. ಸೇರಿದ ಹೊಸದರಲ್ಲಿ ಇದನ್ನು ಒಂದು ಮೆಷಿನ್ ಅಂತಲೇ ಅಂದುಕೊಂಡಿದ್ದೆ. ಗಾಳಿ ಊದುವ ಬ್ಲೋವರ್ ಓಡಬೇಕು, ಪಂಪ್ ಓಡಬೇಕು, ಕ್ಲೋರಿನ್ ಹೋಗಬೇಕು, ಅಷ್ಟೇ. ಆ ಯೋಚನೆ ಬದಲಾಗಿದ್ದು ಒಂದು ಮಳೆಗಾಲದಲ್ಲಿ.

ಮೊದಲು ಘಟಕದ ಕೆಲಸ ಹೇಳಿಬಿಡುತ್ತೇನೆ. ಜರಡಿಯಲ್ಲಿ ಬಟ್ಟೆ, ಪ್ಲಾಸ್ಟಿಕ್, ಕೂದಲು ನಿಲ್ಲುತ್ತವೆ. ಎಣ್ಣೆ ಜಿಡ್ಡು ಬೇರೆ ತೊಟ್ಟಿಯಲ್ಲಿ ತೇಲುತ್ತದೆ. ಬೆಳಗ್ಗೆ ಒಮ್ಮೆಲೇ ನುಗ್ಗುವ ನೀರನ್ನು ಸಮತೋಲನ ತೊಟ್ಟಿ ಹಿಡಿದಿಟ್ಟು ನಿಧಾನವಾಗಿ ಮುಂದೆ ಬಿಡುತ್ತದೆ. ಆಮೇಲೆ ಏರೇಷನ್ ಟ್ಯಾಂಕ್. ನಿಜವಾದ ಕೆಲಸ ಇಲ್ಲೇ. ಕಂದು ಬಣ್ಣದ ಕೆಸರಿನಲ್ಲಿರುವ ಕೋಟ್ಯಂತರ ಸೂಕ್ಷ್ಮಜೀವಿಗಳು ಗಾಳಿ ಪಡೆದು ನೀರಿನ ಕೊಳೆಯನ್ನು ತಿನ್ನುತ್ತವೆ. ಕ್ಲಾರಿಫೈಯರ್‌ನಲ್ಲಿ ಕೆಸರು ತಳಕ್ಕೆ ಕೂರುತ್ತದೆ, ತಿಳಿನೀರು ಮೇಲಿಂದ ಹೊರಗೆ ಹರಿಯುತ್ತದೆ. ಕೂತ ಕೆಸರಿನಲ್ಲಿ ಹೆಚ್ಚಿನ ಪಾಲು ಮತ್ತೆ ಏರೇಷನ್‌ಗೆ ಹೋಗಬೇಕು, ಸ್ವಲ್ಪವನ್ನು ದಿನಾ ಹೊರಗೆ ತೆಗೆಯಬೇಕು.

ನಾವು ತಪ್ಪಿದ್ದು ಈ ಕೊನೆಯ ಮಾತಿನಲ್ಲಿ. ಮಳೆಗೆ ಕೆಸರು ಒಣಗಿಸುವ ಹಾಸುಗಳು ತುಂಬಿದ್ದವು, ಹಾಕಲು ಜಾಗವಿಲ್ಲ ಅಂತ ಕೆಸರು ತೆಗೆಯುವುದನ್ನೇ ನಿಲ್ಲಿಸಿದೆವು. ಮೊದಮೊದಲು ಏನೂ ಆಗಲಿಲ್ಲ. ನೀರು ಚೆನ್ನಾಗೇ ಇತ್ತು. ಆಮೇಲೆ ಒಂದು ದಿನ ಬೆಳಗ್ಗೆ ನೋಡಿದರೆ ಕ್ಲಾರಿಫೈಯರ್ ಮೇಲೆ ಕೆಸರಿನ ಹೆಪ್ಪುಗಳು ತೇಲುತ್ತಿದ್ದವು, ಸುತ್ತ ಸಣ್ಣ ಗುಳ್ಳೆಗಳು, ಹೊರಗೆ ಹೋಗುವ ನೀರಿನಲ್ಲೂ ಕಂದು ಚೂರುಗಳು. ಗಾಳಿ ಸಾಲುತ್ತಿಲ್ಲ ಅಂದುಕೊಂಡು ಬ್ಲೋವರ್ ಜಾಸ್ತಿ ಮಾಡಿದೆ. ಎರಡು ದಿನದಲ್ಲಿ ಇನ್ನೂ ಹೆಚ್ಚು ತೇಲಿತು.

ದಾರಿ ತೋರಿಸಿದ್ದು ಒಂದು ಲೀಟರಿನ ಅಳತೆ ಜಾಡಿ. ಏರೇಷನ್ ಟ್ಯಾಂಕಿನ ನೀರನ್ನು ಅದರಲ್ಲಿ ತುಂಬಿ 30 ನಿಮಿಷ ಅಲುಗಾಡಿಸದೆ ಬಿಟ್ಟು ಕೆಸರು ಎಷ್ಟು ಮಿಲಿ ಲೀಟರಿಗೆ ಕೂತಿತು ಅಂತ ನೋಡುತ್ತೇವೆ, ಇದಕ್ಕೆ ಎಸ್‌ವಿ30 ಅಂತ ಹೆಸರು. ಅವತ್ತು 450 ಮಿಲಿ ಬಂತು. ಕೆಸರಿನ ಮೇಲಿನ ನೀರು ತಿಳಿಯಾಗಿಯೇ ಇತ್ತು. ಕೂರುವುದರಲ್ಲಿ ತೊಂದರೆ ಇಲ್ಲ ಅಲ್ವಾ, ಮತ್ತೆ ಅಲ್ಲಿ ಯಾಕೆ ತೇಲುತ್ತಿದೆ? ಬೇರೆ ಕೆಲಸಕ್ಕೆ ಕರೆ ಬಂತು, ಜಾಡಿಯನ್ನು ಹಾಗೇ ಬಿಟ್ಟು ಹೋದೆ. ಸುಮಾರು ಒಂದೂವರೆ ಗಂಟೆ ಬಿಟ್ಟು ಬಂದಾಗ ಕೆಸರೆಲ್ಲ ಒಂದೇ ಮುದ್ದೆಯಾಗಿ ಜಾಡಿಯ ಮೇಲಕ್ಕೆ ಬಂದಿತ್ತು. ಕಡ್ಡಿಯಲ್ಲಿ ಕಲಕಿದೆ. ಗುಳ್ಳೆಗಳು ಬಿಟ್ಟುಕೊಂಡವು, ಕೆಸರು ಮತ್ತೆ ಕೆಳಗೆ ಕೂತಿತು.

ಅದು ಸಾರಜನಕದ ಗುಳ್ಳೆ. ಗಾಳಿ ಚೆನ್ನಾಗಿದ್ದು ಕೆಸರು ಹಳೆಯದಾದಾಗ ಕೊಳಚೆಯ ಅಮೋನಿಯಾ ನೈಟ್ರೇಟ್ ಆಗುತ್ತದೆ. ಕ್ಲಾರಿಫೈಯರ್ ತಳದಲ್ಲಿ ಕೆಸರು ಗಂಟೆಗಟ್ಟಲೆ ಬಿದ್ದಿದ್ದರೆ ಅಲ್ಲಿ ಆಮ್ಲಜನಕ ಮುಗಿಯುತ್ತದೆ, ಆಗ ಜೀವಿಗಳು ನೈಟ್ರೇಟಿನಲ್ಲಿರುವ ಆಮ್ಲಜನಕವನ್ನು ಎಳೆದುಕೊಂಡು ಸಾರಜನಕವನ್ನು ಬಿಡುತ್ತವೆ. ಆ ಗುಳ್ಳೆ ಕೆಸರನ್ನು ಎತ್ತುತ್ತದೆ. ನಾನು ಗಾಳಿ ಜಾಸ್ತಿ ಮಾಡಿ ನೈಟ್ರೇಟನ್ನೇ ಜಾಸ್ತಿ ಮಾಡಿದ್ದೆ. ಎಂಎಲ್‌ಎಸ್‌ಎಸ್ (ಏರೇಷನ್ ಟ್ಯಾಂಕಿನ ನೀರಿನಲ್ಲಿ ಎಷ್ಟು ಕೆಸರಿದೆ ಅನ್ನುವ) ಪರೀಕ್ಷೆ ಮಾಡಿಸಿದರೆ ಲೀಟರಿಗೆ 6000 ಮಿಲಿಗ್ರಾಂ ದಾಟಿತ್ತು. ನಮ್ಮ ಘಟಕಕ್ಕೆ ಅದರ ಅರ್ಧ ಸಾಕು.

ಮಾಡಿದ್ದು ಎರಡೇ ಕೆಲಸ. ತಳದ ಕೆಸರನ್ನು ಏರೇಷನ್‌ಗೆ ವಾಪಸ್ ಕಳಿಸುವ ಪಂಪನ್ನು ಜಾಸ್ತಿ ಹೊತ್ತು ಓಡಿಸಿದೆ, ಹಾಸುಗಳ ಮೇಲೆ ಸೂರು ಹಾಕಿಸಿ ದಿನಾ ಸ್ವಲ್ಪ ಸ್ವಲ್ಪ ಕೆಸರು ತೆಗೆದೆ. ಒಂದೇ ದಿನ ಬಕೆಟ್‌ಗಟ್ಟಲೆ ತೆಗೆಯುವ ಆಸೆ ಆಗುತ್ತದೆ, ಆದರೆ ಕೆಲಸ ಮಾಡುವ ಜೀವಿಗಳೇ ಹೊರಗೆ ಹೋದರೆ ಕೊಳೆ ತಿನ್ನುವವರು ಯಾರು? ನೀರು ಸರಿಹೋಗಲು ಸುಮಾರು ಮೂರು ವಾರ ಬೇಕಾಯಿತು. ಆ ದಿನಗಳಲ್ಲಿ ಹೊರಗೆ ಹೋದ ನೀರಿನ ಬಗ್ಗೆ ಇವತ್ತಿಗೂ ನನಗೆ ಬೇಸರವಿದೆ. ಕೆಸರು ಹರಿದು ಹೊಳೆ ಕೆರೆ ಸೇರಿದರೆ ಅಲ್ಲಿ ಕೊಳೆಯುತ್ತದೆ, ಮೀನಿಗೆ ಬೇಕಾದ ಆಮ್ಲಜನಕವನ್ನು ಅದೇ ತಿಂದುಬಿಡುತ್ತದೆ.

1914ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಅನ್ನುವ ರಸಾಯನಶಾಸ್ತ್ರಜ್ಞರು ಈ ವಿಧಾನವನ್ನು ತೋರಿಸಿಕೊಟ್ಟರು ಅಂತ ಆಮೇಲೆ ಓದಿದೆ. ಕೊಳಚೆಗೆ ಗಾಳಿ ಹಾಯಿಸಿ, ಕೆಳಗೆ ಕೂತ ಕೆಸರನ್ನು ಚೆಲ್ಲದೆ ಉಳಿಸಿಕೊಂಡು ಮತ್ತೆ ಹೊಸ ಕೊಳಚೆ ಸುರಿದರು. ವಾರಗಟ್ಟಲೆ ಹಿಡಿಯುತ್ತಿದ್ದ ಕೆಲಸ ಹೀಗೆ ಮಾಡುತ್ತಾ ಹೋದಂತೆ ಒಂದು ದಿನದೊಳಗೆ ಮುಗಿಯತೊಡಗಿತು. ಕೆಸರು ಕಸ ಅಲ್ಲ, ಕೆಲಸಗಾರ ಅಂತ ನನಗೆ ಅರ್ಥವಾಗಿದ್ದು ಆಗ.

ಈಗ ದಿನಾ ಬೆಳಗ್ಗೆ ಜಾಡಿ ಇಡುತ್ತೇನೆ, 30 ನಿಮಿಷಕ್ಕೆ ಅಂಕಿ ಬರೆದ ಮೇಲೂ ಎರಡು ಗಂಟೆ ಹಾಗೇ ಬಿಡುತ್ತೇನೆ. ಬಿಒಡಿ (ನೀರಿನಲ್ಲಿ ಉಳಿದ ಕೊಳೆಯನ್ನು ತಿನ್ನಲು ಜೀವಿಗಳಿಗೆ ಎಷ್ಟು ಆಮ್ಲಜನಕ ಬೇಕು ಅನ್ನುವ ಅಳತೆ) ಪರೀಕ್ಷೆ ಮಾಡಿಸಬೇಕು, ಬಿಡಬಾರದು. ಆದರೆ ಮಾದರಿಯನ್ನು 20 ಡಿಗ್ರಿಯಲ್ಲಿ 5 ದಿನ ಇಟ್ಟ ಮೇಲೆ ಅದರ ಫಲಿತಾಂಶ, ಅಷ್ಟರಲ್ಲಿ ಐದು ದಿನದ ನೀರು ಹೊರಗೆ ಹೋಗಿರುತ್ತದೆ. ಟ್ಯಾಂಕಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂ ಹತ್ತಿರ ಇರುವಂತೆ ನೋಡಿಕೊಳ್ಳುತ್ತೇನೆ. ಮೂಗಿನ ಮಾತೂ ಕೇಳುತ್ತೇನೆ, ಒಳ್ಳೆಯ ಕೆಸರಿಗೆ ಮಣ್ಣಿನ ವಾಸನೆ ಇರುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಮಾತ್ರ ಹತ್ತಿರ ಬಗ್ಗಿ ನೋಡಬೇಡಿ. ಅದು ಹೈಡ್ರೋಜನ್ ಸಲ್ಫೈಡ್, ಜಾಸ್ತಿಯಾದರೆ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ, ಜೀವ ತೆಗೆಯುತ್ತದೆ. ಯಾವ ಕಾರಣಕ್ಕೂ ಮುಚ್ಚಿದ ತೊಟ್ಟಿಗೆ ಸುಮ್ನೆ ಇಳಿಯಬಾರದು, ಯಾರನ್ನೂ ಇಳಿಸಬಾರದು.

ಇನ್ನು ಮನೆಗಳಿಂದ ಬರುವ ನೀರು. ಕರಿದ ಎಣ್ಣೆ ಸಿಂಕಿಗೆ ಬಿದ್ದರೆ ಪೈಪಿನಲ್ಲಿ ಗಟ್ಟಿಯಾಗುತ್ತದೆ, ಉಳಿದದ್ದು ನಮ್ಮ ಜೀವಿಗಳ ಮೇಲೆ ಪದರ ಕಟ್ಟುತ್ತದೆ. ಒಂದು ಸಲ ನೀರಿನ ಟ್ಯಾಂಕ್‌ಗಳನ್ನು ಬ್ಲೀಚಿಂಗ್ ಪೌಡರ್ ಹಾಕಿ ತೊಳೆದು ಅಷ್ಟೂ ನೀರನ್ನು ಚರಂಡಿಗೆ ಬಿಟ್ಟರು, ಮರುದಿನ ಏರೇಷನ್ ಟ್ಯಾಂಕಿನಲ್ಲಿ ಬರೀ ಬಿಳಿ ನೊರೆ, ಜಾಡಿಯಲ್ಲಿ ಕೂರದ ಕಲಸು ನೀರು. ಈಗ ಟ್ಯಾಂಕ್ ತೊಳೆಯುವ ಹಿಂದಿನ ದಿನ ನನಗೆ ಹೇಳುತ್ತಾರೆ. ನಾನು ಸಮತೋಲನ ತೊಟ್ಟಿಯನ್ನು ಅರ್ಧ ಖಾಲಿ ಮಾಡಿ ಇಟ್ಟುಕೊಂಡು, ಆ ನೀರನ್ನು ಅಲ್ಲೇ ಹಿಡಿದು, ಕ್ಲೋರಿನ್ ಇಳಿದಿದೆಯಾ ಅಂತ ನೋಡಿ ಎರಡು ದಿನದಲ್ಲಿ ಸ್ವಲ್ಪ ಸ್ವಲ್ಪವಾಗಿ ಒಳಗೆ ಬಿಡುತ್ತೇನೆ.